ಕುಲಾವಿ ಸಿದ್ಧವಿದೆ, ಎಂಜಿನ್ ಬರಲಿ

ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸುವ ಕಲೆಯಲ್ಲಿ ನಮ್ಮ ರಕ್ಷಣಾ ಇಲಾಖೆಯನ್ನು ಮೀರಿಸುವವರಿಲ್ಲ. ಹದಿಮೂರು ಟನ್ನಿನ ಬಹೂಪಯೋಗಿ ಹೆಲಿಕಾಪ್ಟರಿಗೆ ಟರ್ಬೊಶಾಫ್ಟ್ ಎಂಜಿನ್ ತಯಾರಿಸಲು ಎಚ್‌ಎಎಲ್ ಮತ್ತು ಫ್ರಾನ್ಸಿನ ಸಾಫ್ರಾನ್ 2022ರ ಜುಲೈನಲ್ಲಿ ಕೈಕುಲುಕಿದವು, ಜಂಟಿ ಕಂಪನಿ ಕಟ್ಟಿದವು, 2024ರಲ್ಲಿ ಎಂಜಿನ್ನಿಗೆ ‘ಅರಾವಳಿ’ ಎಂದು ನಾಮಕರಣವೂ ಆಯಿತು. ಆಗ ಎಂಜಿನ್ ಕಾಗದದ ಮೇಲಿತ್ತು, ಅದನ್ನು ಹೊರಬೇಕಾದ ಹೆಲಿಕಾಪ್ಟರೂ ಕಾಗದದ ಮೇಲೆಯೇ ಇತ್ತು. ಎರಡೂ ಒಂದೇ ಎತ್ತರದಲ್ಲಿ ಇದ್ದುದರಿಂದ ಸಮನ್ವಯದ ಕೊರತೆ ಇತ್ತೆಂದು ಯಾರೂ ದೂರುವಂತಿಲ್ಲ.

ನಮ್ಮ ತಾಳ್ಮೆಯನ್ನಂತೂ ಮೆಚ್ಚಲೇಬೇಕು. ಎಚ್‌ಎಎಲ್ ಕಟ್ಟಿದ ಧ್ರುವ ಹೆಲಿಕಾಪ್ಟರ್ 1992ರ ಆಗಸ್ಟ್‌ನಲ್ಲಿ ಮೊದಲ ಬಾರಿ ಹಾರಿದಾಗ ಅದರ ಹೊಟ್ಟೆಯಲ್ಲಿ ಇದ್ದುದು ಫ್ರೆಂಚ್ ಎಂಜಿನ್. ಅನಂತರ ಅಮೆರಿಕದ ಎಂಜಿನ್ ಮೇಲೆ ಮನಸ್ಸಿಟ್ಟೆವು. 1998ರಲ್ಲಿ ಪೋಖ್ರಾನಿನಲ್ಲಿ ಅಣುಬಾಂಬು ಸಿಡಿಸಿದ್ದಕ್ಕೆ ಅಮೆರಿಕ ನಿರ್ಬಂಧ ಹೇರಿ ಆ ಬಾಗಿಲು ಮುಚ್ಚಿತು. ಈ ಅವಮಾನದಿಂದ ಪಾಠ ಕಲಿತ ನಾವು ಕೂಡಲೇ ಎದ್ದು ಮತ್ತೆ ಫ್ರೆಂಚರ ಬಾಗಿಲು ತಟ್ಟಿದೆವು. ಅವರ ಜೊತೆ ಸೇರಿ ರೂಪಿಸಿದ ‘ಶಕ್ತಿ’ ಒಳ್ಳೆಯ ಎಂಜಿನ್, ಅದರಲ್ಲಿ ತಕರಾರಿಲ್ಲ; ಧ್ರುವದ ಹೊಸ ಮಾದರಿಗಳು, ರುದ್ರ ಮತ್ತು ಪ್ರಚಂಡ ಎಂಬ ದಾಳಿ ಹೆಲಿಕಾಪ್ಟರುಗಳೆಲ್ಲ ಅದರ ಬಲದಲ್ಲೇ ಹಾರುತ್ತವೆ. ಪೂರ್ತಿ ನಮ್ಮದೇ ಆದ 1,200 ಕಿಲೋವಾಟ್ ಎಂಜಿನ್ ಕೂಡ 2018ರಲ್ಲಿ ಪರೀಕ್ಷಾ ಕಟ್ಟೆಯ ಮೇಲೆ ಓಡಿತು. ಆ ಸಂಭ್ರಮದ ಫೋಟೊಗಳು ಚೆನ್ನಾಗಿ ಬಂದಿದ್ದವು.

ಟರ್ಬೊಶಾಫ್ಟ್ ಬದುಕುವುದು ಗಾಳಿಯಿಂದ: ಗಾಳಿಯನ್ನು ಎಳೆದು, ಒತ್ತಿ, ಇಂಧನ ಬೆರೆಸಿ ಉರಿಸಿ, ಬಿಸಿ ಅನಿಲದಿಂದ ಟರ್ಬೈನ್ ತಿರುಗಿಸಿ, ಆ ತಿರುಗಣೆಯನ್ನು ದಂಡದ ಮೂಲಕ ರೆಕ್ಕೆಗಳಿಗೆ ದಾಟಿಸುತ್ತದೆ. ಎತ್ತರ ಏರಿದಂತೆ ಗಾಳಿ ತೆಳುವಾಗಿ ಬಲ ಕುಗ್ಗುತ್ತದೆ. ಫ್ರಾನ್ಸಿನ ಲಾಮಾ ಹೆಲಿಕಾಪ್ಟರ್ 1972ರಲ್ಲಿ 12,442 ಮೀಟರ್ ಏರಿ ದಾಖಲೆ ಬರೆದಾಗ, ಇಳಿಯುವ ಹಾದಿಯಲ್ಲಿ ಎಂಜಿನ್ ಆರಿಹೋಗಿ ಮತ್ತೆ ಹೊತ್ತಿಕೊಳ್ಳಲಿಲ್ಲ. ಪೈಲಟ್ ಜಾನ್ ಬೂಲೆ ಗಾಳಿಗೆ ತಾನೇ ತಿರುಗುವ ರೆಕ್ಕೆಗಳನ್ನು ನಂಬಿ ನೆಲ ಮುಟ್ಟಿದರು. ಅವರು ಅದನ್ನು ಮಾಡಿದ್ದು ದಾಖಲೆಗಾಗಿ, ಒಂದು ಸಲ. ಅದೇ ಲಾಮಾವನ್ನು ನಾವು ಚೀತಾ ಎಂದು ಕರೆದು, 1950ರ ದಶಕದ ವಂಶಕ್ಕೆ ಸೇರಿದ ಅದೇ ಒಂಟಿ ಆರ್ಟೂಸ್ಟ್ ಎಂಜಿನ್ನಿನೊಂದಿಗೆ, ಸಿಯಾಚಿನ್ನಿನ ಠಾಣೆಗಳಿಗೆ ಸೀಮೆಎಣ್ಣೆ ಒಯ್ಯಲು, ಗಾಯಾಳುಗಳನ್ನು ಇಳಿಸಲು ದಿನನಿತ್ಯ ಕಳುಹಿಸುತ್ತ ಬಂದಿದ್ದೇವೆ. ಪಳೆಯುಳಿಕೆಗಳ ಮೇಲೆ ಇಷ್ಟು ಮಮತೆ ವಸ್ತುಸಂಗ್ರಹಾಲಯದವರಿಗೂ ಇರಲಾರದು.

ಈ ಹೆಲಿಕಾಪ್ಟರುಗಳನ್ನು ನಿಲ್ಲಿಸಿ ಎಂದು ಸೇನಾಧಿಕಾರಿಗಳ ಪತ್ನಿಯರೇ 2015ರಲ್ಲಿ ರಕ್ಷಣಾ ಸಚಿವರನ್ನು ಕಂಡು ಬೇಡಿಕೊಂಡರು. ಗಂಡ ಮಾಡುವ ಕೆಲಸದ ಯಂತ್ರ ಹಳತಾಗಿದೆ ಎಂದು ಹೆಂಡತಿ ಹೋಗಿ ಸಚಿವರಿಗೆ ಹೇಳಬೇಕಾದ ದೇಶದಲ್ಲಿ ವಿಡಂಬನೆ ಬರೆಯುವವನಿಗೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. 2023ರ ಮಾರ್ಚ್‌ನಲ್ಲಿ ಅರುಣಾಚಲದ ಮಂಡಲಾ ಬಳಿ ಒಂದು ಚೀತಾ ಬಿತ್ತು. ಕಾರಣ ಏನೇ ಇರಲಿ, ಒಳಗಿದ್ದ ಇಬ್ಬರು ಅಧಿಕಾರಿಗಳೂ ಬದುಕಲಿಲ್ಲ. ಚೀತಾದ ಜಾಗಕ್ಕೆ ಬರಬೇಕಾದ, ಶಕ್ತಿ ಎಂಜಿನ್ನನ್ನೇ ಹೊತ್ತ ಲಘು ಹೆಲಿಕಾಪ್ಟರ್ ಮೊದಲ ಬಾರಿ ಹಾರಿದ್ದು 2016ರ ಸೆಪ್ಟೆಂಬರಿನಲ್ಲಿ. ಅಂದರೆ ಆ ಇಬ್ಬರು ಹಳೆಯ ಯಂತ್ರ ಹತ್ತುವ ಹೊತ್ತಿಗೆ ಹೊಸದು ಹಾರಿ ತೋರಿಸಿ ಆರೂವರೆ ವರ್ಷ ಕಳೆದಿತ್ತು.