ಕಂಪನಿ ಪರದೇಶಿ, ಮಾಲೀಕ ಊರಲ್ಲೇ

ಹೂಡಿಕೆ ಸಮಾವೇಶ ಹತ್ತಿರ ಬಂದಂತೆ ಅನಿವಾಸಿಗಳ ಮೇಲೆ ಸರ್ಕಾರಕ್ಕೆ ಅಕ್ಕರೆ ಉಕ್ಕುತ್ತದೆ. ‘ತಾಯ್ನಾಡು ಕರೆಯುತ್ತಿದೆ’ ಎಂಬ ಫ್ಲೆಕ್ಸು, ಮೈಸೂರು ಪೇಟ, ಗಂಧದ ಹಾರ. ಕನ್ನಡದಲ್ಲಿ ಪರದೇಶಿ ಅಂದರೆ ಹೊರದೇಶದವನೂ ಹೌದು, ದಿಕ್ಕಿಲ್ಲದವನೂ ಹೌದು. ಪೇಟ ಸಿಗುವುದು ಮೊದಲನೇ ಅರ್ಥದವನಿಗೆ ಮಾತ್ರ.

ಅಂಥ ಡಾಲರ್ ಪರದೇಶಿ ಮನಸ್ಸು ಕರಗಿ ಇಲ್ಲೊಂದು ಪ್ರೈವೇಟ್ ಲಿಮಿಟೆಡ್ ತೆರೆಯಲು ಹೊರಟ ಅನ್ನಿ. ಒಬ್ಬ ನಿರ್ದೇಶಕನಾದರೂ ಹಣಕಾಸು ವರ್ಷದಲ್ಲಿ 182 ದಿನ ಭಾರತದಲ್ಲಿ ಇದ್ದಿರಬೇಕು ಎನ್ನುತ್ತದೆ 2013ರ ಕಂಪನಿ ಕಾಯ್ದೆ. ಹೀಗಾಗಿ ಹಾಸನದಿಂದ ಕದಲದ ಭಾವಮೈದುನ ರಾತ್ರೋರಾತ್ರಿ ಡೈರೆಕ್ಟರ್! ಎಲ್ಲಿಗೂ ಹೋಗದಿರುವುದೂ ಒಂದು ಅರ್ಹತೆ ಎಂದು ಮಾವನವರಿಗೆ ಆವತ್ತೇ ಗೊತ್ತಾಗುವುದು. ಆಮೇಲೆ ಅಮೆರಿಕದ ಕಾಗದಕ್ಕೆ ನೋಟರಿ, ನೋಟರಿಯ ಮೇಲೆ ಅಪಾಸ್ಟಿಲ್, ಅಂದರೆ ಆ ಕಾಗದ ಹೊರದೇಶದಲ್ಲೂ ನಡೆಯಲೆಂದು ಒತ್ತುವ ಸರ್ಕಾರಿ ಮುದ್ರೆ. ದುಡ್ಡು ವಾಪಸ್ ಒಯ್ಯುವ ಹಕ್ಕು ಬೇಕಿದ್ದರೆ, ಹಣ ಬಂದ 60 ದಿನದೊಳಗೆ ಷೇರು ಹಂಚಿ, ಹಂಚಿದ 30 ದಿನದೊಳಗೆ ರಿಸರ್ವ್ ಬ್ಯಾಂಕಿಗೆ ಎಫ್‌ಸಿ-ಜಿಪಿಆರ್ ಎಂಬ ವಿದೇಶಿ ಹೂಡಿಕೆಯ ವರದಿ ಸಲ್ಲಿಸಬೇಕು.

ಎಡವುವುದು ಹೆಸರಿನಲ್ಲಿ. ನಮ್ಮ ಕಡೆ ಸರ್‌ನೇಮ್ ಎಲ್ಲಿತ್ತು? ಊರೂ ಅಪ್ಪನೂ ಎರಡು ಇನಿಶಿಯಲ್ಲಿನೊಳಗೆ ಹಾಯಾಗಿ ಕೂತಿದ್ದರು. ಪ್ಯಾನ್‌ಗಾಗಿ ಅವರನ್ನು ಬಿಡಿಸಿ ಬರೆದರು, ಪಾಸ್‌ಪೋರ್ಟ್‌ನಲ್ಲಿ ಅಪ್ಪ ಸರ್‌ನೇಮ್ ಆದರು, ಬ್ಯಾಂಕಿನಲ್ಲಿ ಊರು ಬಿಟ್ಟುಹೋಯಿತು. ಮೂರೂ ಒಬ್ಬನೇ ಎಂದು ಅಫಿಡವಿಟ್ಟು. ಪಾಸ್‌ಪೋರ್ಟ್‌ನಲ್ಲಿ ‘ಗಿವನ್ ನೇಮ್’ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಆ ಜಾಗಕ್ಕೆ ‘ಎಫ್‌ಎನ್‌ಯು’ ಎಂದು ಬರುತ್ತದೆ: ಹೆಸರು ಗೊತ್ತಿಲ್ಲ ಅಂತ. ಅಜ್ಜಿ ಹರಕೆ ಹೊತ್ತು ಇಟ್ಟ ಮಂಜುನಾಥ ಅಲ್ಲಿ ಮಿಸ್ಟರ್ ಎಫ್‌ಎನ್‌ಯು.

ಇನ್ನೊಂದು ಜಾತಿಯ ಪರದೇಶಿಗಳು ಸ್ಟಾರ್ಟಪ್ ಸಂಸ್ಥಾಪಕರು; ಎಚ್‌ಎಸ್‌ಆರ್ ಲೇಔಟ್ ಬಿಟ್ಟು ಹೋಗಿಯೇ ಇಲ್ಲ. ಹೋದದ್ದು ಅವರ ಕಂಪನಿ, ನೋಂದಣಿಯ ಲೆಕ್ಕದಲ್ಲಿ, ಅಮೆರಿಕದ ಡೆಲಾವೇರ್ ರಾಜ್ಯಕ್ಕೆ. ಅಲ್ಲಿನ ವಿಲ್ಮಿಂಗ್ಟನ್‌ನಲ್ಲಿ 1209 ನಾರ್ತ್ ಆರೆಂಜ್ ಸ್ಟ್ರೀಟ್ ಎಂಬ ಒಂದೇ ಅಂತಸ್ತಿನ ಕಟ್ಟಡ 2012ರ ಹೊತ್ತಿಗೆ 2.85 ಲಕ್ಷ ಕಂಪನಿಗಳ ವಿಳಾಸವಾಗಿತ್ತು. ನಮ್ಮಲ್ಲಿ ಒಂದು ಕೋಣೆಯಲ್ಲಿ ಎಂಬತ್ತು ಮತದಾರರು ಎಂದರೆ ದೇಶವೇ ಎದ್ದು ಕೂರುತ್ತದೆ.

ಮಾರ್ಚ್ 1ರ ಗಡುವಿಗೆ ಮುಂಚೆ ಈ ಸಂಸ್ಥಾಪಕರ ಎದೆ ಒಮ್ಮೆ ನಿಲ್ಲುತ್ತದೆ: ಡೆಲಾವೇರ್‌ನ ವಾರ್ಷಿಕ ಕಂಪನಿ ಕಂದಾಯ, ಅಂದರೆ ಫ್ರಾಂಚೈಸ್ ತೆರಿಗೆ, 85,165 ಡಾಲರ್ ಎಂಬ ನೋಟಿಸು. ವಕೀಲರ ಟೆಂಪ್ಲೇಟ್ ನೋಡಿ ಹಂಚಬಹುದಾದ ‘ಅಧಿಕೃತ’ ಷೇರು ಒಂದು ಕೋಟಿ ಎಂದು ಬರೆಸಿದ್ದರ ಫಲ ಅದು. ಷೇರು ಎಣಿಸುವ ಲೆಕ್ಕ ಬಿಟ್ಟು, ವಿತರಿಸಿದ ಷೇರು ಮತ್ತು ಒಟ್ಟು ಆಸ್ತಿಯ ‘ಅಸ್ಯೂಮ್ಡ್ ಪಾರ್ ವ್ಯಾಲ್ಯೂ’ ಲೆಕ್ಕ ಹಾಕಿದರೆ ಹೊಸ ಕಂಪನಿಗೆ ಸಾಮಾನ್ಯವಾಗಿ 400 ಡಾಲರಿಗೆ ಇಳಿಯುತ್ತದೆ. ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲೂ ಇಷ್ಟು ಚೌಕಾಸಿ ನಡೆಯುವುದಿಲ್ಲ. ಹೋದ ಕಂಪನಿ ತವರಿಗೆ ಮರಳಿದರೂ ಕಂದಾಯ ತಪ್ಪದು. ಫೋನ್‌ಪೇ ಸಿಂಗಪುರದಿಂದ 2022ರಲ್ಲಿ ವಾಪಸಾದಾಗ ಹೂಡಿಕೆದಾರರು ಕಟ್ಟಿದ್ದು ಸುಮಾರು 8,000 ಕೋಟಿ ರೂಪಾಯಿ.

ಇನ್ನು ದಿರ್ಹಮ್ ಪರದೇಶಿ. ದುಬೈಯಲ್ಲಿ ಫ್ರೀಜೋನ್ (ವಿದೇಶಿಯರಿಗೆ ಪೂರ್ತಿ ಒಡೆತನ ಬಿಟ್ಟ ವಲಯ) ಹೊರಗೆ ಅಂಗಡಿ ಇಡುವ ಭಟ್ಕಳದವರು 2021ರ ಜೂನ್‌ವರೆಗೆ ಕಾಗದದ ಮೇಲೆ ಶೇ 51 ಪಾಲನ್ನು ಅಲ್ಲಿನ ಪ್ರಜೆಗೆ ಬರೆದುಕೊಟ್ಟು, ವರ್ಷಾವರ್ಷ ಕಾಣಿಕೆ ಸಲ್ಲಿಸಬೇಕಿತ್ತು. ಅವನು ಕಡಲಾಚೆಯ ಭಾವಮೈದುನ.

ಅಂಗಡಿ ಇಲ್ಲದೆ ಅಲ್ಲಿಗೆ ಕೂಲಿಗೆ ಹೋಗುವವನ ಕಥೆಗೆ ನಗಲಾಗುವುದಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗದವನ ಪಾಸ್‌ಪೋರ್ಟ್‌ಗೆ ‘ಇಸಿಆರ್’ ಮುದ್ರೆ: ಕೆಲವು ದೇಶಗಳಿಗೆ ದುಡಿಯಲು ಹೊರಡುವ ಮುನ್ನ ಸರ್ಕಾರದ ಅನುಮತಿ ಬೇಕು ಅಂತ. ಕೆಲಸ ಕೊಡಿಸುವ ಏಜೆಂಟ್ 30,000 ರೂಪಾಯಿ ಮತ್ತು ಶೇ 18 ಜಿಎಸ್‌ಟಿ, ಅಂದರೆ 35,400ಕ್ಕಿಂತ ಒಂದು ಪೈಸೆ ಹೆಚ್ಚು ಕೀಳುವಂತಿಲ್ಲ, ರಸೀದಿ ಕೊಡಲೇಬೇಕು ಎಂದು ನಿಯಮವಿದೆ. ಕೀಳುವುದು ಲಕ್ಷದ ಲೆಕ್ಕದಲ್ಲಿ, ನಗದಾಗಿ, ತಾಯಿಯ ಕರಿಮಣಿ ಅಡವಿಟ್ಟ ದುಡ್ಡು. ಇದು ಎಲ್ಲರಿಗೂ ಗೊತ್ತು ಕಣ್ರೀ, ಪೇಟ ತೊಡಿಸುವವರಿಗೂ ಗೊತ್ತು. ಹೊರಡುವ ಮುನ್ನ ಕಡ್ಡಾಯ ವಿಮೆಯೊಂದಿದೆ: ಅಪಘಾತದಲ್ಲಿ ಸತ್ತರೆ 10 ಲಕ್ಷ, ಎರಡು ವರ್ಷಕ್ಕೆ ಕಂತು 275 ರೂಪಾಯಿ. ಏಜೆಂಟ್ ಚಾಚೂ ತಪ್ಪದೆ ರಸೀದಿ ಕೊಡುವುದು ಅದೊಂದಕ್ಕೆ.