ಮತ್ಸುಶಿಮಾ ಯುದ್ಧನೌಕೆಯ ಕುರಿತು ಒಂದು ಸ್ಪಷ್ಟನೆ

ಜಪಾನಿನ ಕ್ರೂಸರ್ ಮತ್ಸುಶಿಮಾ ತನ್ನ ದೈತ್ಯ ಫಿರಂಗಿಯಿಂದ 1894ರ ಯಾಲು ಕದನದಲ್ಲಿ ಚೀನಾದ ಎರಡು ಭಾರೀ ಕವಚನೌಕೆಗಳನ್ನು ಮುಳುಗಿಸಿತು, ಮುಂದೆ 1905ರ ತ್ಸುಶಿಮಾ ಕದನದಲ್ಲಿ ರಷ್ಯನ್ನರ ದಾಳಿಗೆ ತಾನೇ ಮುಳುಗಿತು ಎಂಬ ಮಾತು ಹರಿದಾಡುತ್ತಿದೆ. ಇವೆರಡೂ ಸರಿಯಲ್ಲ.

ಫ್ರೆಂಚ್ ಎಂಜಿನಿಯರ್ ಎಮಿಲ್ ಬರ್ಟಿನ್ ವಿನ್ಯಾಸಗೊಳಿಸಿದ ಈ ನೌಕೆಯ ತೂಕ ಸುಮಾರು 4,200 ಟನ್. ಇಷ್ಟು ಚಿಕ್ಕ ಒಡಲಿನ ಮೇಲೆ 320 ಮಿ.ಮೀ. ವ್ಯಾಸದ ಕ್ಯಾನೆ ಫಿರಂಗಿಯನ್ನು, ಅದೂ ಹಿಂಬದಿಗೆ ಮುಖಮಾಡಿ, ಕೂರಿಸಲಾಗಿತ್ತು. ಫಿರಂಗಿಯನ್ನು ಪಕ್ಕಕ್ಕೆ ತಿರುಗಿಸಿದರೆ ಹಡಗೇ ವಾಲುತ್ತಿತ್ತು. ಮರುಗುಂಡು ತುಂಬುವುದಂತೂ ಅತಿ ನಿಧಾನದ ಕೆಲಸವಾಗಿತ್ತು. ಹೀಗಾಗಿ ಯಾಲುವಿನಲ್ಲಿ ಅದು ಹಾರಿಸಿದ್ದು ಬೆರಳೆಣಿಕೆಯ ಗುಂಡುಗಳನ್ನು ಮಾತ್ರ. ಅಂದು ಚೀನೀ ಪಡೆಗೆ ಹೆಚ್ಚು ಹಾನಿ ಮಾಡಿದ್ದು ಜಪಾನೀ ನೌಕೆಗಳ ಕ್ಷಿಪ್ರಗತಿಯ ಸಣ್ಣ ಫಿರಂಗಿಗಳು. ಡಿಂಗ್‌ಯುವಾನ್ ಮತ್ತು ಝೆನ್‌ಯುವಾನ್ ಎರಡೂ ಕವಚನೌಕೆಗಳು ಕದನದಿಂದ ಮರಳಿದವು. ಬದಲಿಗೆ ಝೆನ್‌ಯುವಾನಿನ ಗುಂಡೊಂದು ಮತ್ಸುಶಿಮಾದಲ್ಲಿ ರಾಶಿಹಾಕಿದ್ದ ಮದ್ದುಗುಂಡನ್ನು ಸ್ಫೋಟಿಸಿದ್ದರಿಂದ ಜಪಾನೀ ಪಡೆಯ ನಾಯಕ ಅಡ್ಮಿರಲ್ ಇಟೊ ಸುಕೆಯುಕಿ ತಮ್ಮ ಧ್ವಜವನ್ನು, ಅಂದರೆ ನಾಯಕನೌಕೆಯ ಸ್ಥಾನವನ್ನು, ಹಾಶಿದಾತೆ ಎಂಬ ನೌಕೆಗೆ ವರ್ಗಾಯಿಸಬೇಕಾಯಿತು.

1895ರಲ್ಲಿ ಚೀನಾದ ವೇಹೈವೇ ಬಂದರಿನಲ್ಲಿ ಜಪಾನ್ ವಶಪಡಿಸಿಕೊಂಡ ಝೆನ್‌ಯುವಾನ್, ಚಿನೆನ್ ಎಂಬ ಹೆಸರಿನಲ್ಲಿ ತ್ಸುಶಿಮಾ ಕದನದಲ್ಲಿ ಮತ್ಸುಶಿಮಾದ ವಿಭಾಗದಲ್ಲೇ ಸಾಗಿತು ಎಂಬುದು ವಿಚಿತ್ರವಾದರೂ ನಿಜ. ಆ ಕದನದಿಂದ ಪಾರಾದ ಮತ್ಸುಶಿಮಾ, 1908ರ ಏಪ್ರಿಲ್ 30ರಂದು ಕೆಡೆಟ್‌ಗಳ ತರಬೇತಿ ಯಾನದಲ್ಲಿದ್ದಾಗ, ತೈವಾನ್ ಬಳಿಯ ಪೆಂಗ್ಹು ದ್ವೀಪಗಳ ಮಾಕುಂಗ್ ಬಂದರಿನಲ್ಲಿ ತನ್ನದೇ ಮದ್ದಿನ ಕೋಣೆ ಸ್ಫೋಟಗೊಂಡು ಮುಳುಗಿತು. 200ಕ್ಕೂ ಹೆಚ್ಚು ಮಂದಿ ಸತ್ತರು.