ಚಾಂಪಿಯನ್ ಇಲ್ಲದೆ ಮುಗಿದ ಸೀಸನ್: ಎಲ್ ಸಾಲ್ವಡಾರ್ ಲೀಗ್ ಮತ್ತು ಗೇಟಿನ ಲೆಕ್ಕ

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದ ಫುಟ್‌ಬಾಲ್ ಲೀಗ್‌ನಲ್ಲಿ 2023ರ ಕ್ಲೌಸುರಾ, ಅಂದರೆ ವರ್ಷದ ಮೊದಲ ಅರ್ಧದ ಟೂರ್ನಿಗೆ ಚಾಂಪಿಯನ್ ಯಾರೂ ಇಲ್ಲ. ಆ ವರ್ಷ ಮೇ 20ರ ಶನಿವಾರ ರಾತ್ರಿ, ರಾಜಧಾನಿ ಸ್ಯಾನ್ ಸಾಲ್ವಡಾರ್‌ನ ಕುಸ್ಕಟ್ಲಾನ್ ಸ್ಟೇಡಿಯಂನಲ್ಲಿ ಅಲಿಯಾನ್ಸಾ ಮತ್ತು ಫಾಸ್ ತಂಡಗಳ ನಡುವೆ ಕ್ವಾರ್ಟರ್ ಫೈನಲ್‌ನ ಎರಡನೇ ಪಂದ್ಯ ನಡೆಯುತ್ತಿತ್ತು. ಆಟ ಶುರುವಾಗಿ ಕಾಲು ಗಂಟೆ ಆಗಿರಬೇಕು, ಅಷ್ಟರಲ್ಲಿ ನಿಲ್ಲಿಸಬೇಕಾಯಿತು. ಸ್ಟ್ಯಾಂಡಿಗೆ ಹೋಗುವ ಗೇಟಿನ ಹತ್ತಿರದ ನೂಕುನುಗ್ಗಲಿನಲ್ಲಿ 12 ಜನ ಸತ್ತರು, ನೂರಾರು ಜನರಿಗೆ ಚಿಕಿತ್ಸೆ ಕೊಡಬೇಕಾಯಿತು. ಹುಲ್ಲಿನ ಮೇಲೆ ಅಲುಗಾಡದೆ ಮಲಗಿದ್ದವರಿಗೆ ಗಾಳಿ ಸಿಗಲಿ ಎಂದು, ಹೇಗೋ ಪಾರಾಗಿ ಬಂದ ಅಭಿಮಾನಿಗಳು ತಮ್ಮ ಅಂಗಿ ಬಿಚ್ಚಿ ಬೀಸುತ್ತಿದ್ದ ದೃಶ್ಯವನ್ನು ಟೀವಿಯಲ್ಲಿ ಜಗತ್ತೆಲ್ಲ ನೋಡಿತು. ಕೆಲವೇ ದಿನಗಳಲ್ಲಿ ಟೂರ್ನಿಯನ್ನೇ ರದ್ದು ಮಾಡಿದರು.

ಇಂಥದ್ದು ಆದಾಗಲೆಲ್ಲ ಮೊದಲು ಬೈಗುಳ ತಿನ್ನುವುದು ಅಭಿಮಾನಿಗಳು. ಶಿಸ್ತಿಲ್ಲ, ಹುಚ್ಚು ಜಾಸ್ತಿ, ಸತ್ತದ್ದು ಅವರದೇ ತಪ್ಪಿನಿಂದ ಅನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಆ ರಾತ್ರಿಯ ಬೇರು ಲೀಗ್ ನಡೆಸುವ ಪದ್ಧತಿಯಲ್ಲೇ ಇದೆ, ಗೇಟಿನ ಲೆಕ್ಕದಲ್ಲಿದೆ. ಆ ಲೆಕ್ಕ ಯಾರು ಬೇಕಾದರೂ ಹಾಕಬಹುದಾದಷ್ಟು ಸರಳ.

ಮೊದಲು ಲೀಗ್ ಹೇಗೆ ನಡೆಯುತ್ತದೆ ನೋಡಿ. ಮಧ್ಯ ಅಮೆರಿಕದ ಲೀಗ್‌ಗಳಲ್ಲಿ ವರ್ಷಕ್ಕೆ ಒಂದೇ ಚಾಂಪಿಯನ್ ಅನ್ನುವ ಪದ್ಧತಿ ಇಲ್ಲ. ವರ್ಷದ ಎರಡನೇ ಅರ್ಧದಲ್ಲಿ ಅಪೆರ್ತುರಾ, ಹೊಸ ವರ್ಷ ಹುಟ್ಟಿದ ಮೇಲೆ ಕ್ಲೌಸುರಾ. ಎರಡಕ್ಕೂ ಬೇರೆ ಬೇರೆ ಪ್ರಶಸ್ತಿ. ಎಲ್ ಸಾಲ್ವಡಾರ್‌ನಲ್ಲಿ ಆ ಸೀಸನ್‌ನಲ್ಲಿ ಇದ್ದದ್ದು 12 ತಂಡಗಳು. ಎಲ್ಲರೂ ಎಲ್ಲರ ಜೊತೆ ಎರಡೆರಡು ಸಲ ಆಡಿದರೆ ಒಂದೊಂದು ತಂಡಕ್ಕೆ 22 ಪಂದ್ಯ. ಅದಾದ ಮೇಲೆ ಮೊದಲ ಎಂಟು ತಂಡಗಳಿಗೆ ನಾಕೌಟ್. ಹನ್ನೆರಡರಲ್ಲಿ ಎಂಟು ತಂಡ ಮುಂದಕ್ಕೆ ಹೋಗುತ್ತವೆ ಅಂದಮೇಲೆ ಲೀಗ್ ಹಂತದ ಪಂದ್ಯಗಳಿಗೆ ಬೆಲೆ ಎಷ್ಟು? ಬಹುಪಾಲು ಪಂದ್ಯಗಳಿಗೆ ಕೆಲವು ಸಾವಿರ ಜನ ಬಂದರೆ ಹೆಚ್ಚು. ಕ್ಲಬ್‌ಗಳು ಗೇಟ್ ಕಾಯುವವರನ್ನು, ಟಿಕೆಟ್ ಕೌಂಟರನ್ನು, ಸೆಕ್ಯುರಿಟಿಯನ್ನು ಆ ಸಣ್ಣ ಗುಂಪಿಗೆ ತಕ್ಕಂತೆ ಇಟ್ಟುಕೊಳ್ಳುತ್ತವೆ. ನಾಲ್ಕು ತಿಂಗಳು ಅದರಲ್ಲೇ ನಡೆದುಹೋಗುತ್ತದೆ. ಆಮೇಲೆ ಒಂದು ರಾತ್ರಿ ಬರುತ್ತದೆ, ಇಡೀ ಸೀಸನ್‌ನಲ್ಲಿ ಬರದಿದ್ದ ಜನ ಒಟ್ಟಿಗೇ ಬರುತ್ತಾರೆ.

ಇನ್ನೂ ಒಂದು ತೊಡಕಿದೆ. ಯಾರ ಮೇಲೆ ಯಾರು ಅನ್ನುವುದು ಲೀಗ್ ಹಂತದ ಕೊನೆಯ ಸುತ್ತು ಮುಗಿಯುವವರೆಗೆ ಗೊತ್ತಾಗುವುದಿಲ್ಲ. ಗೊತ್ತಾದ ಮೇಲೆ ಕೈಯಲ್ಲಿ ಉಳಿಯುವುದು ಕೆಲವೇ ದಿನ. ಆ ದಿನಗಳಲ್ಲೇ ಟಿಕೆಟ್ ಮಾರಬೇಕು, ಪೊಲೀಸರ ಜೊತೆ ಮಾತಾಡಬೇಕು, ಹೆಚ್ಚುವರಿ ಕೆಲಸದವರನ್ನು ಹುಡುಕಿ ಕಲಿಸಬೇಕು. ಅಲಿಯಾನ್ಸಾ–ಫಾಸ್ ಅಂದರೆ ಸಾಮಾನ್ಯ ಜೋಡಿಯೂ ಅಲ್ಲ. ಒಂದು ರಾಜಧಾನಿಯ ತಂಡ, ಇನ್ನೊಂದು ಸಾಂತಾ ಆನಾ ನಗರದ್ದು, ಆ ಹೊತ್ತಿಗೆ ದೇಶದಲ್ಲಿ ಅತಿ ಹೆಚ್ಚು ಸಲ ಚಾಂಪಿಯನ್ ಆಗಿದ್ದದ್ದು. 1967ರಲ್ಲಿ ಅಲಿಯಾನ್ಸಾ, 1979ರಲ್ಲಿ ಫಾಸ್ ಇಡೀ ಕಾನ್‌ಕಕಾಫ್ ವಲಯದ, ಅಂದರೆ ಉತ್ತರ ಮತ್ತು ಮಧ್ಯ ಅಮೆರಿಕ ಹಾಗೂ ಕೆರಿಬಿಯನ್ ವಲಯದ ಚಾಂಪಿಯನ್ ಆಗಿದ್ದವು. ಇವೆರಡೂ ಫೈನಲ್‌ಗೆ ಮೊದಲೇ, ಎಂಟರ ಘಟ್ಟದಲ್ಲೇ ಎದುರುಬದುರಾದವು. ಇದರ ಮೇಲೆ, ಆ ಸೀಸನ್‌ನಲ್ಲಿ ದೇಶದ ಫುಟ್‌ಬಾಲ್ ಫೆಡರೇಷನ್ ಕೂಡ ತನ್ನ ಕಾಲ ಮೇಲೆ ತಾನು ನಿಂತಿರಲಿಲ್ಲ. 2022ರ ಆಡಳಿತದ ಗಲಾಟೆಗಳ ನಂತರ ಫೀಫಾ ನೇಮಿಸಿದ ತಾತ್ಕಾಲಿಕ ಸಮಿತಿಯೊಂದು ಅದನ್ನು ನಡೆಸುತ್ತಿತ್ತು.

ಕುಸ್ಕಟ್ಲಾನ್ 1976ರಲ್ಲಿ ಶುರುವಾದ ಸ್ಟೇಡಿಯಂ, ಮಧ್ಯ ಅಮೆರಿಕದಲ್ಲೇ ದೊಡ್ಡದು, ಸಾಮರ್ಥ್ಯ 50,000ಕ್ಕೂ ಹೆಚ್ಚು. ಅಲ್ಲಿ ಟಿಕೆಟ್ ದರ ಬಿಸಿಲು–ನೆರಳಿನ ಮೇಲೆ ನಿಂತಿದೆ. ನೆರಳಿನ ಕಡೆ ದುಬಾರಿ, ಬಿಸಿಲಿನ ಕಡೆ ಅಗ್ಗ. ದುರಂತ ಆದದ್ದು ‘ಸೋಲ್ ಹೆನೆರಾಲ್’ ಕಡೆ, ಅಂದರೆ ಅಗ್ಗದ ಟಿಕೆಟಿನವರು ಕೂರುವ ಬಿಸಿಲಿನ ಸ್ಟ್ಯಾಂಡ್ ಕಡೆ. 50,000 ಜನ ಹಿಡಿಯುವ ಸ್ಟೇಡಿಯಂ ಅನ್ನುವ ಸಂಖ್ಯೆ ಇಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ. ಒಂದು ಸ್ಟ್ಯಾಂಡಿಗೆ ಎಷ್ಟು ಜನ, ಅವರಿಗೆ ಎಷ್ಟು ಗೇಟು, ಗಂಟೆಗೆ ಎಷ್ಟು ಜನ ಒಳಗೆ ಹೋಗಬಲ್ಲರು ಅನ್ನುವುದೊಂದೇ ಲೆಕ್ಕಕ್ಕೆ ಬರುವುದು.

ಬ್ರಿಟನ್‌ನ ಕ್ರೀಡಾಂಗಣ ಸುರಕ್ಷತಾ ಮಾರ್ಗಸೂಚಿ ಒಬ್ಬೊಬ್ಬರನ್ನೇ ಬಿಡುವ ಒಂದು ತಿರುಗುಗೇಟಿನಲ್ಲಿ ಗಂಟೆಗೆ ಗರಿಷ್ಠ 660 ಜನ ಅಂತ ಹಿಡಿಯುತ್ತದೆ. ಅಂದರೆ ತಲೆಗೆ ಸುಮಾರು ಐದೂವರೆ ಸೆಕೆಂಡ್. ಇದು ಎಲ್ಲ ಸರಿಯಾಗಿದ್ದಾಗಿನ ಮಾತು. ಉದಾಹರಣೆಗೆ ಒಂದು ಸ್ಟ್ಯಾಂಡಿಗೆ 12,000 ಟಿಕೆಟ್ ಮಾರಿದ್ದಾರೆ, ಒಳಗೆ ಹೋಗಲು ಎಂಟು ಸಾಲು ಇವೆ ಅಂದುಕೊಳ್ಳಿ. ಗಂಟೆಗೆ 5,280 ಜನ ಒಳಗೆ ಹೋಗಬಹುದು. 3,000 ಜನ ಮುಂಚೆಯೇ ಬಂದು ಕೂತರು, ಉಳಿದ 9,000 ಜನ ಕೊನೆಯ ಒಂದು ಗಂಟೆಯಲ್ಲಿ ಬಂದರು. ಆಟ ಶುರುವಾಗುವ ಹೊತ್ತಿಗೆ 3,720 ಜನ ಇನ್ನೂ ಹೊರಗೇ ಇರುತ್ತಾರೆ. ಎಲ್ಲರ ಕೈಯಲ್ಲೂ ಅಸಲಿ ಟಿಕೆಟ್ ಇದೆ, ಯಾರೂ ಸಾಲು ಮುರಿದಿಲ್ಲ, ಯಾರೂ ಕುಡಿದಿಲ್ಲ. ಆದರೂ ಹೊರಗಿದ್ದಾರೆ. ಗೇಟಿನಲ್ಲೇ ಮೈ ತಡಕಿ ಚೀಲ ನೋಡಲು ಶುರು ಮಾಡಿ ತಲೆಗೆ ಹತ್ತು ಸೆಕೆಂಡ್ ಹಿಡಿದರೆ ಹೊರಗೆ ಉಳಿಯುವವರು 6,120.

ಒಂದು ಚದರ ಮೀಟರ್ ಜಾಗದಲ್ಲಿ ನಾಲ್ಕು ಜನ ನಿಂತರೆ ಮೈಗೆ ಮೈ ತಾಗುತ್ತದೆ, ಆದರೆ ಉಸಿರಿಗೆ ತೊಂದರೆಯಿಲ್ಲ. ಆ ಲೆಕ್ಕದಲ್ಲಿ ಮೇಲಿನ 3,720 ಜನಕ್ಕೆ 930 ಚದರ ಮೀಟರ್ ಬೇಕು. ಹತ್ತು ಮೀಟರ್ ಅಗಲದ ರಸ್ತೆಯಲ್ಲಿ 93 ಮೀಟರ್ ಉದ್ದದ ಗುಂಪು. ಆದರೆ ಜನ ಹೀಗೆ ಸಮನಾಗಿ ಹರಡಿಕೊಂಡು ನಿಲ್ಲುವುದಿಲ್ಲ. ಹಿಂದಿನವರಿಗೆ ಮುಂದೆ ಏನಾಗುತ್ತಿದೆ ಕಾಣುವುದಿಲ್ಲ, ಒಳಗಿನ ಕೂಗು ಮಾತ್ರ ಕೇಳುತ್ತದೆ. ಒಬ್ಬೊಬ್ಬರು ಒಂದೊಂದು ಹೆಜ್ಜೆ ಮುಂದಿಟ್ಟರೂ ಆ ಒತ್ತಡವೆಲ್ಲ ಕೂಡಿಕೊಂಡು ಗೇಟಿನ ಮುಂದೆ ನಿಂತವರ ಎದೆಯ ಮೇಲೆ ಬೀಳುತ್ತದೆ. ಚದರ ಮೀಟರಿಗೆ ಐದಾರು ಜನ ಆದಾಗ ಕೈ ಮೇಲೆತ್ತಲು ಆಗುವುದಿಲ್ಲ. ಏಳರ ಹತ್ತಿರ ಬಂದರೆ ಇಡೀ ಗುಂಪು ನೀರಿನ ಹಾಗೆ ಓಲಾಡುತ್ತದೆ, ಕಾಲು ನೆಲ ಬಿಟ್ಟಿರುತ್ತದೆ. ಅಲ್ಲಿ ಸಾಯುವವರಲ್ಲಿ ಹೆಚ್ಚಿನವರು ನಿಂತಲ್ಲೇ ಉಸಿರು ಕಟ್ಟಿ ಸಾಯುತ್ತಾರೆ. ಪಕ್ಕೆಲುಬು ಹಿಗ್ಗಲು ಜಾಗ ಇಲ್ಲದಿದ್ದರೆ ಗಾಳಿ ಒಳಗೆ ಹೋಗುವುದಿಲ್ಲ.

ಇದಕ್ಕೆ ನಕಲಿ ಟಿಕೆಟ್ ಸೇರಿಸಿ ನೋಡಿ. ಕುಸ್ಕಟ್ಲಾನ್ ಪ್ರಕರಣದಲ್ಲಿ ನಕಲಿ ಟಿಕೆಟ್, ಮಿತಿಮೀರಿದ ಮಾರಾಟ, ಮುಚ್ಚಿದ ಗೇಟು, ಈ ಮೂರೂ ದೂರು ಕೇಳಿಬಂದವು. ನಕಲಿ ಟಿಕೆಟ್ ಹಿಡಿದವನಿಂದ ಆಗುವ ದೊಡ್ಡ ಹಾನಿ ಅವನೊಬ್ಬ ಹೆಚ್ಚುವರಿಯಾಗಿ ಒಳಗೆ ಹೋಗುವುದಲ್ಲ. ಅವನು ಗೇಟಿನಲ್ಲಿ ನಿಂತು ಒಂದು ನಿಮಿಷ ವಾದ ಮಾಡಿದರೆ ಆ ಸಾಲಿನಲ್ಲಿ ಹನ್ನೊಂದು ಜನ ಒಳಗೆ ಹೋಗುವ ಹೊತ್ತು ಹಾಳಾಗುತ್ತದೆ. ವಾಪಸ್ ಹೋಗು ಅಂದರೂ ಅವನು ಹೋಗುವುದು ಎಲ್ಲಿಗೆ? ಹಿಂದೆ ಜನರ ಗೋಡೆ. ಹಾಗಾಗಿ ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ಇಂಥವರು ಹತ್ತಿಪ್ಪತ್ತು ಜನ ಸೇರಿದರೆ ಸಾಲೇ ನಿಂತುಹೋಗುತ್ತದೆ. ಗೇಟಿನವರು ಹೆದರಿ ಗೇಟು ಎಳೆದುಕೊಳ್ಳುತ್ತಾರೆ. ಎಲ್ಲಕ್ಕಿಂತ ಕೆಟ್ಟ ತೀರ್ಮಾನ ಅದು. ಮುಚ್ಚಿದ ಗೇಟಿನ ಎದುರು ಒತ್ತಡ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಹಾಗಂತ ಗೇಟನ್ನು ಏಕಾಏಕಿ ತೆರೆದುಬಿಟ್ಟರೂ ಆಯಿತೆಂದಲ್ಲ. 1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೋ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಹೊರಗಿನ ಒತ್ತಡ ಇಳಿಸಲು ನಿರ್ಗಮನ ಗೇಟು ತೆರೆದರು. ಒಳಗೆ ಬಂದವರನ್ನು ಖಾಲಿ ಇದ್ದ ಅಕ್ಕಪಕ್ಕದ ಭಾಗಗಳಿಗೆ ತಿರುಗಿಸಲು ಯಾರೂ ನಿಂತಿರಲಿಲ್ಲ. ಜನ ನೇರವಾಗಿ ಆಗಲೇ ತುಂಬಿದ್ದ, ಸುತ್ತ ಬೇಲಿಯಿದ್ದ ನಡುವಿನ ಭಾಗಗಳಿಗೆ ನುಗ್ಗಿದರು. 97 ಜೀವ ಹೋಯಿತು. ಆಟವನ್ನು ತಡಮಾಡಿ ಶುರುಮಾಡಿದ್ದರೆ ಎಷ್ಟೋ ಒತ್ತಡ ಇಳಿಯುತ್ತಿತ್ತು. ಅರ್ಧ ಗಂಟೆ ತಡ ಮಾಡುವುದಕ್ಕೆ ಖರ್ಚಿಲ್ಲ. ಹೊರಗಿದ್ದವರಿಗೆ ಕೇಳುವಂತೆ ಮೈಕಿನಲ್ಲಿ ‘ಆಟ ಇನ್ನೂ ಶುರುವಾಗಿಲ್ಲ, ಎಲ್ಲರೂ ಒಳಗೆ ಬಂದ ಮೇಲೇ ಶುರು’ ಎಂದು ಹೇಳಿದರೆ ಹಿಂದಿನ ಸಾಲಿನವರು ತಳ್ಳುವುದು ನಿಲ್ಲಿಸುತ್ತಾರೆ. ಕುಸ್ಕಟ್ಲಾನ್‌ನಲ್ಲಿ ಆಟ ಶುರುವಾಗಿ ಕಾಲು ಗಂಟೆ ಓಡಿತ್ತು ಅನ್ನುವುದೇ ನನಗೆ ಎಲ್ಲಕ್ಕಿಂತ ನೋವಿನ ವಿಷಯ. ಟೀವಿ ಸಮಯಕ್ಕೋಸ್ಕರ ಆಗಲಿ, ಬರೀ ರೂಢಿಗೋಸ್ಕರ ಆಗಲಿ, ಗೇಟಿನ ಹೊರಗೆ ಜನ ಇರುವಾಗ ಸೀಟಿ ಊದಬಾರದು.

ಮಧ್ಯ ಅಮೆರಿಕಕ್ಕೆ ಇದು ಹೊಸ ಪಾಠವೇನಲ್ಲ. 1996ರ ಅಕ್ಟೋಬರ್ 16ರಂದು ಗ್ವಾಟೆಮಾಲಾ ನಗರದ ಮಾತೆಯೊ ಫ್ಲೋರೆಸ್ ಸ್ಟೇಡಿಯಂನಲ್ಲಿ ಗ್ವಾಟೆಮಾಲಾ–ಕೋಸ್ಟರಿಕಾ ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಮುಂಚೆ 80ಕ್ಕೂ ಹೆಚ್ಚು ಜನ ಸತ್ತರು. ಅಲ್ಲೂ ನಕಲಿ ಟಿಕೆಟ್, ಅಲ್ಲೂ ಹಿಡಿಸಲಾರದಷ್ಟು ಜನ. 2017ರ ಮೇ 28ರಂದು ಹೊಂಡುರಾಸ್‌ನ ರಾಜಧಾನಿ ತೆಗುಸಿಗಾಲ್ಪಾದಲ್ಲಿ ಮೊತಾಗುವಾ ಮತ್ತು ಹೊಂಡುರಾಸ್ ಪ್ರೊಗ್ರೆಸೊ ನಡುವಿನ ಕ್ಲೌಸುರಾ ಫೈನಲ್. ಗೇಟಿನಲ್ಲಿ ಕನಿಷ್ಠ ನಾಲ್ವರು ಸತ್ತರು, ಮಿತಿಗಿಂತ ಹೆಚ್ಚು ಟಿಕೆಟ್ ಮಾರಿದ್ದಾರೆಂಬ ದೂರು ಅಲ್ಲೂ ಎದ್ದಿತು. ಗುಂಪನ್ನು ಚದುರಿಸಲು ಪೊಲೀಸರು ಅಶ್ರುವಾಯು ಸಿಡಿಸಿದರು. ಉಸಿರಿಗೆ ಒದ್ದಾಡುವ ಗುಂಪಿನ ಮೇಲೆ ಅಶ್ರುವಾಯು! ಫೈನಲ್ ಮಾತ್ರ ನಿಲ್ಲಲಿಲ್ಲ, ಮೊತಾಗುವಾ ಕಪ್ ಎತ್ತಿತು. ಆ ಮಟ್ಟಿಗೆ ಎಲ್ ಸಾಲ್ವಡಾರ್ ಕ್ಲೌಸುರಾ ರದ್ದು ಮಾಡಿದ್ದು ಸರಿಯಾದ ಕೆಲಸ ಅಂತಲೇ ನಾನು ಹೇಳುವುದು.

ಬೆಂಗಳೂರಿನವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂನ ಗೇಟುಗಳ ಹೊರಗೆ 11 ಜನ ಸತ್ತರು. ಅಲ್ಲಿ ಗೇಟು ದಾಟಿದರೆ ನೇರ ಫುಟ್‌ಪಾತು, ಸಾಲು ನಿಲ್ಲಿಸಲು ಅಂಗಳವೇ ಇಲ್ಲ. ಮೇಲೆ ಹೇಳಿದ 93 ಮೀಟರ್‌ನ ಗುಂಪನ್ನು ಕಬ್ಬನ್ ಪಾರ್ಕ್ ಕಡೆಯ ರಸ್ತೆಯಲ್ಲಿಟ್ಟು ಯೋಚಿಸಿ.

ಇನ್ನು ಶಿಕ್ಷೆಯ ವಿಷಯ. ಅಲಿಯಾನ್ಸಾಗೆ ಒಂದು ವರ್ಷ ತವರಿನಲ್ಲಿ ಪ್ರೇಕ್ಷಕರಿಲ್ಲದೆ ಆಡುವ ಶಿಕ್ಷೆ, ಜೊತೆಗೆ 30,000 ಡಾಲರ್ ದಂಡ ಹಾಕಿದರು. ಟಿಕೆಟಿಗೆ ಸರಾಸರಿ ಐದು ಡಾಲರ್ ಅಂತ ಹಿಡಿದರೂ ಇದು 6,000 ಟಿಕೆಟಿನ ದುಡ್ಡು, ಒಂದು ದೊಡ್ಡ ಪಂದ್ಯದ ಗಳಿಕೆಯಲ್ಲಿ ಒಂದು ಪಾಲು. ಖಾಲಿ ಸ್ಟೇಡಿಯಂನ ಶಿಕ್ಷೆ ನೋಡಲು ಕಠಿಣ, ಆದರೆ ಗೇಟಿನ ವಿಷಯದಲ್ಲಿ ಅದರಿಂದ ಏನೂ ಆಗುವುದಿಲ್ಲ. ಜನವೇ ಬಾರದ ವರ್ಷದಲ್ಲಿ ಗೇಟನ್ನು ಪರೀಕ್ಷಿಸುವುದು ಹೇಗೆ? ಟಿಕೆಟ್ ಆದಾಯ ನಿಂತ ಕ್ಲಬ್ ಗೇಟು ಅಗಲ ಮಾಡಿಸಲು ದುಡ್ಡು ತರುವುದು ಎಲ್ಲಿಂದ? ನನ್ನ ಪ್ರಕಾರ ದಂಡದ ಹಣಕ್ಕಿಂತ ಹತ್ತು ಪಟ್ಟು ಹಣವನ್ನು ಆ ಸ್ಟ್ಯಾಂಡಿನ ಗೇಟಿಗೇ ಖರ್ಚು ಮಾಡಬೇಕೆಂದು ಕಡ್ಡಾಯ ಮಾಡಬೇಕಿತ್ತು. ಬಂಧನಗಳೂ ಆದವು, ಕ್ಲಬ್‌ನ ಅಧ್ಯಕ್ಷರಿಂದ ಹಿಡಿದು ಗೇಟಿನ ಕೀಲಿ ಇಟ್ಟುಕೊಳ್ಳುವವರವರೆಗೆ. ತಪ್ಪು ಯಾರದು ಅನ್ನುವುದು ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಇಂಥ ಜಾಗದಲ್ಲಿ ಕೀಲಿ ಅನ್ನುವುದೇ ಇರಬಾರದು. ಒಳಗೆ ಜನ ಇರುವಷ್ಟು ಹೊತ್ತು ಗೇಟಿಗೆ ಬೀಗ ಬೀಳಬಾರದು, ಪ್ರತಿ ಗೇಟಿನಲ್ಲೂ ಒಬ್ಬರು ಕದಲದೆ ನಿಂತಿರಬೇಕು, ನಿರ್ಗಮನದ ಬಾಗಿಲು ಹೊರಮುಖವಾಗಿ ತೆರೆಯಬೇಕು.

ನಾಕೌಟ್‌ಗೆ ಸಿಗುವುದು ಕೆಲವೇ ದಿನ ಅನ್ನುವುದನ್ನು ಬದಲಾಯಿಸಲಾಗದಿದ್ದರೂ ಆ ದಿನಗಳಲ್ಲೇ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಪಂದ್ಯದ ದಿನ ಸ್ಟೇಡಿಯಂ ಕಿಟಕಿಯಲ್ಲಿ ಟಿಕೆಟ್ ಮಾರಲೇಬಾರದು. ಕಿಟಕಿಯ ಸಾಲೂ ಗೇಟಿನ ಸಾಲೂ ಬೆರೆಯುವುದು ಅಲ್ಲಿಂದಲೇ. ಟಿಕೆಟ್ ಮೇಲೆ ಸ್ಟ್ಯಾಂಡಿನ ಜೊತೆ ಗೇಟಿನ ಸಂಖ್ಯೆಯೂ ಇರಬೇಕು. ಟಿಕೆಟ್ ಮೊದಲ ಸಲ ನೋಡುವುದು ಗೇಟಿನಿಂದ ನೂರು ಮೀಟರ್ ದೂರದಲ್ಲೇ ಆಗಬೇಕು, ನಕಲಿ ಸಿಕ್ಕವನು ಪಕ್ಕಕ್ಕೆ ಸರಿದು ಹೊರಗೆ ಹೋಗಲು ಬೇರೆ ದಾರಿ ಇರಬೇಕು. ಮೈ ತಡಕುವುದೂ ಅಲ್ಲೇ. ಪ್ರತಿ ಸ್ಟ್ಯಾಂಡಿನೊಳಗೆ ಈಗ ಎಷ್ಟು ಜನ ಅನ್ನುವುದು ಒಂದೇ ಕೋಣೆಯಲ್ಲಿ ಕೂತವರಿಗೆ ನಿಮಿಷ ನಿಮಿಷಕ್ಕೆ ಗೊತ್ತಾಗಬೇಕು. ಆಟ ತಡಮಾಡುವ ಅಧಿಕಾರ ಆ ಕೋಣೆಯಲ್ಲಿರುವ ಒಬ್ಬರಿಗೆ ಇರಬೇಕು, ಅವರು ಕ್ಲಬ್‌ನ ಹಣಕಾಸು ನೋಡುವವರಾಗಿರಬಾರದು. ಇಷ್ಟಕ್ಕೂ ತಯಾರಿ ಇಲ್ಲದ ಸ್ಟೇಡಿಯಂಗೆ, ಎಂಟು ಸಾಲಿನಲ್ಲಿ ಎರಡು ಗಂಟೆಯೊಳಗೆ ಎಷ್ಟು ಜನ ದಾಟಬಲ್ಲರೋ ಅಷ್ಟೇ ಟಿಕೆಟ್ ಮಾರಲು ಫೆಡರೇಷನ್ ಅನುಮತಿ ಕೊಡಲಿ. ಮೇಲಿನ ಉದಾಹರಣೆಯಲ್ಲಿ ಅದು 10,560. ಆ ಸ್ಟ್ಯಾಂಡಿನಲ್ಲಿ 12,000 ಸೀಟಿದ್ದರೂ ಅಷ್ಟೇ.